ತೊಳೆದು ಹಾಕುವ ಹತ್ತಿ ಫಿಲ್ಟರ್ ನಮ್ಮ ಅದಿರು ಲಾರಿಗಳಿಗೆ ಸಾಲದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಕಡೆ ಲಾರಿಯನ್ನೇ ನಂಬಿಕೊಂಡ ಮನೆಗಳು ಬಹಳ. ನಮಗೆ ಆದ ನಷ್ಟ ಇನ್ನೊಂದು ಮನೆಗೆ ಆಗದಿರಲಿ ಅಂತಲೇ ಕೂತು ಬರೆದಿದ್ದೇನೆ.

ನಾನು ಸಂಡೂರು ತಾಲ್ಲೂಕಿನವಳು. ನಮಗೆ ಎರಡು ಲಾರಿಗಳಿವೆ. ಒಂದನ್ನು ನಮ್ಮ ಮನೆಯವರು ಓಡಿಸುತ್ತಾರೆ, ಇನ್ನೊಂದನ್ನು ನನ್ನ ಮೈದುನ. ಲೆಕ್ಕ ನೋಡಿಕೊಳ್ಳುವುದು ನಾನು. ಡೀಸೆಲ್, ಟೈರು, ಗ್ರೀಸು, ಎಂಜಿನ್ ಆಯಿಲ್, ಎಫ್‌ಸಿ, ಇನ್ಶೂರೆನ್ಸು, ಕ್ಲೀನರ್ ಹುಡುಗನ ಸಂಬಳ, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿ ದಿನಾಂಕದ ಸಮೇತ ಇರುತ್ತವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಆಗಿನ ಲಾರಿ ಮನೆ ಮುಂದಿನ ಹುಣಸೆ ಮರದ ಕೆಳಗೆ ತಿಂಗಳುಗಟ್ಟಲೆ ನಿಂತಿತ್ತು. ಆ ದಿನಗಳಲ್ಲೂ ನಾನು ಲೆಕ್ಕ ಬರೆಯುವುದು ಬಿಡಲಿಲ್ಲ. ಬಡ್ಡಿ ಮಾತ್ರ ಬರೆಯುತ್ತಿದ್ದೆ. 2013ರ ಏಪ್ರಿಲ್ ತೀರ್ಪಿನ ಮೇಲೆ ಗಣಿಗಳು ಒಂದೊಂದಾಗಿ ಶುರುವಾದವು. ಹಳೆಯದನ್ನು ಮಾರಿ, ಸಾಲ ತೆಗೆದು, ಒಂದೇ ಮಾದರಿಯ ಎರಡು ಸೆಕೆಂಡ್ ಹ್ಯಾಂಡ್ ಟಿಪ್ಪರ್ ಕೊಂಡೆವು. ಹತ್ತು ಚಕ್ರದವು, ಆರು ಸಿಲಿಂಡರಿನ 5.9 ಲೀಟರ್ ಎಂಜಿನ್, ಗಾಳಿ ಒತ್ತಿ ತುಂಬುವ ಟರ್ಬೊ ಇರುವಂಥದ್ದು. ಎರಡಕ್ಕೂ ಒಂದೇ ಗ್ಯಾರೇಜು, ಒಂದೇ ಆಯಿಲ್, ಒಂದೇ ರಸ್ತೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ.

2022ರ ನವೆಂಬರಿನಲ್ಲಿ ಒಂದು ಬಿಡಿಭಾಗದ ಅಂಗಡಿಯವರು ನಮ್ಮ ಮನೆಯವರಿಗೆ ಹತ್ತಿಯ ಏರ್ ಫಿಲ್ಟರ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯ ಧೂಳು ತಡೆಯುವ ಜಾಲರಿ, ತೋರಿಸಿದರು. "ಜೀವಮಾನಕ್ಕೆ ಒಂದೇ ಸಾಕು ಅಣ್ಣಾ. ತೊಳಿ, ಒಣಗಿಸು, ಎಣ್ಣಿ ಹಚ್ಚು, ಹಾಕು. ಪಿಕಪ್ಪೂ ಬರ್ತೈತಿ, ಮೈಲೇಜೂ ಬರ್ತೈತಿ" ಅಂದರಂತೆ. ಬೆಲೆ 9,400 ರೂಪಾಯಿ. ಅದುವರೆಗೆ ಹಾಕುತ್ತಿದ್ದ ಪೇಪರ್ ಫಿಲ್ಟರಿನಲ್ಲಿ ಒಂದರೊಳಗೊಂದು ಎರಡು ಇರುತ್ತವೆ. ಹೊರಗಿನದು ನಮಗೆ 1,850ಕ್ಕೆ ಸಿಗುತ್ತಿತ್ತು, ಒಳಗಿನ ಚಿಕ್ಕದು 900ಕ್ಕೆ. ಅದಿರಿನ ರಸ್ತೆಯಲ್ಲಿ ಹೊರಗಿನದನ್ನು ವರ್ಷಕ್ಕೆ ನಾಲ್ಕು ಸಲ, ಒಳಗಿನದನ್ನು ಒಂದು ಸಲ ಬದಲಾಯಿಸುತ್ತಿದ್ದೆವು. ಒಟ್ಟು 8,300. ಒಂದು ವರ್ಷ ಎರಡು ತಿಂಗಳಿಗೆ ಹಾಕಿದ ದುಡ್ಡು ವಾಪಸ್ಸು, ಆಮೇಲೆಲ್ಲ ಉಳಿತಾಯ ಅಂತ ಲೆಕ್ಕ ಹಾಕಿ ಹೂಂ ಅಂದವಳು ನಾನೇ. ಮೈದುನ ಮಾತ್ರ ಬೇಡ ಅಂದ. "ಮೊದಲು ನಿಂದು ನೋಡೋಣ ಅಣ್ಣಾ" ಅಂದು ಪೇಪರನ್ನೇ ಉಳಿಸಿಕೊಂಡ.

ನಮ್ಮ ಮನೆಯವರು ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಒಂದು ಕಾರಣವಿತ್ತು. ನಮ್ಮ ಮಾವನವರ ಕಾಲದ ಲಾರಿಗಳಲ್ಲಿ ಆಯಿಲ್ ಬಾತ್ ಇರುತ್ತಿತ್ತು. ಕೆಳಗೆ ಬಟ್ಟಲಿನಲ್ಲಿ ಎಣ್ಣೆ, ಮೇಲೆ ತಂತಿಯ ಜಾಲರಿ. ಗಾಳಿ ಎಣ್ಣೆಯ ಮೇಲೆ ಬಡಿದು ತಿರುಗಿ ಹೋಗುವಾಗ ಧೂಳು ಎಣ್ಣೆಗೆ ಅಂಟಿಕೊಳ್ಳಬೇಕು. ಮಾವನವರು ಭಾನುವಾರ ಆ ಬಟ್ಟಲು ಬಿಚ್ಚಿ, ತಳದ ಕೆಸರು ಚೆಲ್ಲಿ, ಡೀಸೆಲಿನಲ್ಲಿ ತೊಳೆದು, ಹೊಸ ಎಣ್ಣೆ ಗುರುತಿನವರೆಗೆ ತುಂಬುತ್ತಿದ್ದುದನ್ನು ಇವರು ಚಿಕ್ಕಂದಿನಿಂದ ನೋಡಿದವರು. ಎಣ್ಣೆಗೆ ಧೂಳು ಹಿಡಿಯುವ ಗುಣ ಇದೆ ಅನ್ನುವುದು ಅವರ ಕೈಗೇ ಗೊತ್ತಿದ್ದ ಸಂಗತಿ. ಆ ಎಂಜಿನ್‌ಗಳು ಎಷ್ಟು ಬೇಗ ಸವೆದು ಸಿಲಿಂಡರ್ ಬೋರ್ ಮಾಡಿಸುವ ಕೆಲಸಕ್ಕೆ ಬರುತ್ತಿದ್ದವು ಅನ್ನುವುದನ್ನು ಮಾತ್ರ ಯಾರೂ ಫಿಲ್ಟರಿಗೆ ಜೋಡಿಸಿ ಯೋಚಿಸಿರಲಿಲ್ಲ.

ಹತ್ತಿ ಫಿಲ್ಟರ್ ಅಂದರೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಂಥದ್ದನ್ನು ನಾಲ್ಕಾರು ಪದರ ಮಾಡಿ, ಎರಡೂ ಕಡೆ ಅಲ್ಯೂಮಿನಿಯಂ ಜಾಲರಿ ಕೊಟ್ಟು, ಮಡಿಕೆ ಮಡಿಕೆಯಾಗಿ ಮಡಿಚಿದ್ದು. ಬಟ್ಟೆಯ ಕಣ್ಣುಗಳು ದೊಡ್ಡವು. ಧೂಳನ್ನು ತಡೆಯಬೇಕಾದ್ದು ಎಳೆಗಳಿಗೆ ಅಂಟಿದ ಎಣ್ಣೆ. ಅದು ಹುಟ್ಟಿದ್ದೂ ರೇಸಿಗಾಗಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1960ರ ದಶಕದಲ್ಲಿ. ರೇಸಿನವರಿಗೆ ಗಾಳಿ ಸಲೀಸಾಗಿ ಬರಬೇಕು, ಎಂಜಿನನ್ನು ಅವರು ಹೇಗೂ ಆಗಾಗ ಬಿಚ್ಚುತ್ತಾರೆ. ನಮಗೆ ಎಂಜಿನ್ ಬಿಚ್ಚದೆ ಸಾಲ ತೀರುವ ತನಕ ಓಡಬೇಕು.

ಮೊದಲ ಕೆಲವು ತಿಂಗಳು ಏನೂ ಗೊತ್ತಾಗಲಿಲ್ಲ. ಎಂಜಿನ್ ಸದ್ದು ಸ್ವಲ್ಪ ಗಡುಸಾಯಿತು, ಇವರಿಗೆ ಅದೇ ಪಿಕಪ್ ಅನ್ನಿಸಿತು. ಮೈಲೇಜ್ ನನ್ನ ಲೆಕ್ಕದಲ್ಲಿ ಇದ್ದಷ್ಟೇ ಇತ್ತು. ಇರಲೇಬೇಕು ಅಂತ ಈಗ ಗೊತ್ತಾಗಿದೆ. ಪೇಪರ್ ಫಿಲ್ಟರ್ ಸ್ವಚ್ಛವಾಗಿರುವ ತನಕ ಎಂಜಿನ್‌ಗೆ ಬೇಕಾದಷ್ಟು ಗಾಳಿ ಸಿಗುತ್ತಲೇ ಇರುತ್ತದೆ, ಬೇಕಾದ್ದಕ್ಕಿಂತ ದೊಡ್ಡ ಬಾಗಿಲು ಇಟ್ಟರೆ ಡೀಸೆಲ್ ಉಳಿಯುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ "ಟಾಪ್ ಅಪ್" ಅಂತ ಒಂದು ಕಾಲಂ ಇದೆ. ಆಯಿಲ್ ಬದಲಾಯಿಸುವ ಮಧ್ಯೆ ಡಿಪ್ ಸ್ಟಿಕ್ ನೋಡಿ ಸೇರಿಸಿದ ಆಯಿಲ್ ಅಲ್ಲಿ ಬರೆಯುತ್ತೇನೆ. ಎರಡೂ ಲಾರಿಗೆ ತಿಂಗಳಿಗೆ ಒಂದು ಲೀಟರ್, ಹೆಚ್ಚೆಂದರೆ ಒಂದೂವರೆ, ಅದು ರೂಢಿ. 2023ರ ಜೂನಿನಲ್ಲಿ ಹತ್ತಿ ಫಿಲ್ಟರಿನ ಲಾರಿಗೆ 3 ಲೀಟರ್ ಬರೆದಿದ್ದೇನೆ. ಆಗಸ್ಟಿನಲ್ಲಿ 5. ದಸರಾ ಹೊತ್ತಿಗೆ ವಾರಕ್ಕೆ 2 ಲೀಟರ್. ಮೈದುನನ ಲಾರಿ ಅದೇ ಒಂದು ಲೀಟರಿನಲ್ಲಿತ್ತು. ಇವರನ್ನು ಕೇಳಿದರೆ "ಹಳೇ ಎಂಜಿನ್ ಅಲ್ಲೇನು, ಕುಡೀತೈತಿ ಬಿಡು" ಅಂದರು. ಇನ್ನೊಂದು ಲಾರಿಯೂ ಅಷ್ಟೇ ಹಳೆಯದು, ಅದು ಯಾಕೆ ಕುಡಿಯುತ್ತಿಲ್ಲ ಅಂತ ಕೇಳಿದೆ. ಆ ರಾತ್ರಿ ಉತ್ತರ ಸಿಗಲಿಲ್ಲ.

ಮರುದಿನ ಬೆಳಗ್ಗೆ ಲಾರಿ ಮನೆ ಮುಂದೆಯೇ ಇತ್ತು. ನಾನು ಒಂದು ಹೊಸ ಬಿಳಿ ಕುಬಸದ ಬಟ್ಟೆ ತುಂಡು ತೆಗೆದುಕೊಂಡು ಹೋದೆ. ಕ್ಲೀನರ್ ಹುಡುಗನಿಂದ ಏರ್ ಕ್ಲೀನರಿನ ಆಚೆಗಿನ ಹೋಸ್ ಪೈಪಿನ ಕ್ಲಾಂಪ್ ಬಿಚ್ಚಿಸಿದೆ. ಆಚೆಗಿನ ಅಂದರೆ ಫಿಲ್ಟರ್ ದಾಟಿದ ಗಾಳಿ ಟರ್ಬೊಗೆ ಹೋಗುವ ಕಡೆಯದು, ಅಲ್ಲಿ ಧೂಳು ಇರಲೇಬಾರದು. ಬಟ್ಟೆಯನ್ನು ಬೆರಳಿಗೆ ಸುತ್ತಿ ಪೈಪಿನ ಒಳಗೋಡೆ ಒಂದು ಸುತ್ತು ಒರೆಸಿದೆ. ಬಟ್ಟೆ ಕುಂಕುಮ ಒರೆಸಿದ ಹಾಗೆ ಕೆಂಪಾಯಿತು. ಮೈದುನನ ಲಾರಿಯ ಅದೇ ಪೈಪನ್ನು ಬಟ್ಟೆಯ ಇನ್ನೊಂದು ತುದಿಯಿಂದ ಒರೆಸಿದೆ. ಅಲ್ಲಿ ಬಂದದ್ದು ತೆಳ್ಳನೆಯ ಕಪ್ಪು ಜಿಡ್ಡು, ಎಲ್ಲ ಡೀಸೆಲ್ ಲಾರಿಯಲ್ಲೂ ಇರುವಂಥದ್ದು.

ಬಟ್ಟೆ ತೆಗೆದುಕೊಂಡು ಅಂಗಡಿಗೆ ಹೋದೆವು. ಅಂಗಡಿಯವರು "ಅಕ್ಕಾರೆ, ಅದು ಧೂಳಲ್ಲ, ಫಿಲ್ಟರಿಗೆ ಹಚ್ಚೋ ಎಣ್ಣೀನೇ ಕೆಂಪು" ಅಂದರು. ಮಾತು ಸುಳ್ಳಲ್ಲ. ಹಚ್ಚಿದ್ದು ಕಾಣಲಿ ಅಂತ ಆ ಎಣ್ಣೆಗೆ ಕೆಂಪು ಬಣ್ಣ ಹಾಕಿರುತ್ತಾರೆ. ಒಂದು ಗಳಿಗೆ ನನಗೂ ಅನುಮಾನ ಬಂತು. ಮನೆಗೆ ಬಂದು ಒಂದು ಸ್ಟೀಲ್ ಲೋಟಕ್ಕೆ ಅರ್ಧ ಡೀಸೆಲ್ ಹಾಕಿ, ಬಟ್ಟೆಯ ಕೆಂಪು ಭಾಗವನ್ನು ಅದರಲ್ಲಿ ಹಿಂಡಿ, ಹಿಂಡಿ, ಲೋಟ ಮುಚ್ಚಿ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲಿಟ್ಟೆ. ಎಣ್ಣೆಯಾದರೆ ಡೀಸೆಲಿನಲ್ಲಿ ಕರಗಬೇಕು, ಮಣ್ಣಾದರೆ ಕರಗದು. ಸಂಜೆ ಡೀಸೆಲನ್ನು ನಿಧಾನಕ್ಕೆ ಬಗ್ಗಿಸಿ ನೋಡಿದೆ. ಲೋಟದ ತಳದಲ್ಲಿ ಕೆಂಪು ಕೆಸರು ಕೂತಿತ್ತು. ಎರಡು ಬೆರಳ ನಡುವೆ ಉಜ್ಜಿದರೆ ನುಣ್ಣಗೆ, ರಾಗಿ ಹಿಟ್ಟಿಗಿಂತ ನುಣ್ಣಗೆ. ಹಲ್ಲಿನ ನಡುವೆ ಸ್ವಲ್ಪ ಇಟ್ಟುಕೊಂಡು ಕಚ್ಚಿದೆ, ಕರಕರ ಅಂದಿತು. ಸಂಡೂರಿನ ಮಣ್ಣು ಹೇಗೆ ಕರಕರ ಅನ್ನುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಬೇಸಿಗೆಯಲ್ಲಿ ಅದು ಅನ್ನದಲ್ಲೂ ಸಿಗುತ್ತದೆ.

ಇವರು ಲೋಟ ನೋಡಿ ಏನೂ ಮಾತಾಡಲಿಲ್ಲ. ಮಾರನೇ ದಿನವೇ ಲಾರಿ ಗ್ಯಾರೇಜಿಗೆ ಹೋಯಿತು.

ನಮ್ಮ ಮೇಸ್ತ್ರಿ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಅಂಗೈ ಅಡ್ಡ ಹಿಡಿದರು. ಭುಸುಭುಸು ಅಂತ ಹೊಗೆ ಕೈಗೆ ಬಡಿಯಿತು. ಪಿಸ್ಟನ್ನಿನ ಸುತ್ತ ಇರುವ ರಿಂಗ್ ಸವೆದು ಮೇಲಿನ ಗ್ಯಾಸು ಕೆಳಗಿಳಿಯುತ್ತಿದೆ ಅಂದರು. ಬಿಚ್ಚುವ ಮೊದಲು ಎರಡೂ ಲಾರಿಯ ಆಯಿಲನ್ನು ಬಾಟಲಿಯಲ್ಲಿ ಹಿಡಿದು ಹುಬ್ಬಳ್ಳಿಗೆ ಪರೀಕ್ಷೆಗೆ ಕಳಿಸಿದೆವು. ಇದು ನನ್ನ ಮಗಳ ಒತ್ತಾಯ. ಅವಳು ಆಟೊಮೊಬೈಲ್ ಡಿಪ್ಲೊಮಾ ಓದುತ್ತಿದ್ದಾಳೆ. ಎರಡೂ ಆಯಿಲ್ ಹೆಚ್ಚು ಕಡಿಮೆ ಅಷ್ಟೇ ಕಿಲೋಮೀಟರ್ ಓಡಿದ್ದವು. ಮೈದುನನ ಲಾರಿಯ ಆಯಿಲಿನಲ್ಲಿ ಸಿಲಿಕಾನ್ ಹತ್ತು ಲಕ್ಷಕ್ಕೆ 13 ಪಾಲು, ನಮ್ಮದರಲ್ಲಿ 58. ಸಿಲಿಕಾನ್ ಅಂದರೆ ಮರಳು, ಮಣ್ಣು. ಗ್ಯಾಸ್ಕೆಟಿಗೆ ಹಚ್ಚುವ ಸಿಲಿಕಾನ್ ಪೇಸ್ಟಿನಿಂದಲೂ ಅದು ಬರುವುದುಂಟು, ಆದರೆ ಆಗ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಜೊತೆಗೆ ಏರುವುದಿಲ್ಲವಂತೆ. ನಮ್ಮದರಲ್ಲಿ ಅದೂ ಏರಿತ್ತು, ರಿಂಗಿನ ಲೇಪನದ ಕ್ರೋಮಿಯಂ ಕೂಡ ಏರಿತ್ತು. ಕಬ್ಬಿಣವಂತೂ ಸಿಕ್ಕಾಪಟ್ಟೆ. ಬೇರೆ ಊರಿನಲ್ಲಾದರೆ ಕಬ್ಬಿಣ ಕಂಡರೆ ಲೈನರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆಯುತ್ತಿದೆ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ನಮ್ಮಲ್ಲಿ ಒಳಗೆ ಹೋದ ಧೂಳೇ ಕಬ್ಬಿಣದ ಅದಿರು, ಎಷ್ಟು ಲೈನರಿನದು ಎಷ್ಟು ರಸ್ತೆಯದು ಅಂತ ಆ ಕಾಗದ ನೋಡಿ ಹೇಳಲಾಗದು. ಅದಕ್ಕೇ ಲೈನರ್ ಬಿಚ್ಚಿ ನೋಡಬೇಕಾಯಿತು.

ಆರು ಲೈನರಿನಲ್ಲೂ ಮೇಲ್ಭಾಗದಲ್ಲಿ, ಮೊದಲ ರಿಂಗ್ ತಿರುಗುವ ಜಾಗದಲ್ಲಿ, ಉಗುರಿಗೆ ಸಿಗುವ ಮೆಟ್ಟಿಲು. ಹೊಸದರಲ್ಲಿ ಇರುವ ಅಡ್ಡಡ್ಡ ಗೀರುಗಳು, ಆಯಿಲ್ ಹಿಡಿದಿಟ್ಟುಕೊಳ್ಳಲೆಂದೇ ಹೊಡೆದಿರುವ ಗೀರುಗಳು, ಪೂರ್ತಿ ಮಾಯವಾಗಿ ಕನ್ನಡಿಯಂತೆ ಹೊಳೆಯುತ್ತಿತ್ತು. ಟರ್ಬೊದ ಗಾಳಿ ಕಡೆಯ ಚಕ್ರದ ರೆಕ್ಕೆಗಳ ಅಂಚು ಮೊಂಡಾಗಿತ್ತು. ಆ ಚಕ್ರ ನಿಮಿಷಕ್ಕೆ ಲಕ್ಷದಷ್ಟು ಸುತ್ತು ತಿರುಗುತ್ತದೆ, ಅದಕ್ಕೆ ಎದುರಾಗುವ ಒಂದೊಂದು ಕಣವೂ ಅರದ ಹಾಗೆ. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಟರ್ಬೊ, ಮಜೂರಿ ಎಲ್ಲ ಸೇರಿ 1,87,600 ರೂಪಾಯಿ. 23 ದಿನ ಲಾರಿ ನಿಂತಿತು, ಆ ದಿನಗಳ ಬಾಡಿಗೆ ನಾನು ಇದರಲ್ಲಿ ಸೇರಿಸಿಲ್ಲ. ನನ್ನ ಬಂಗಾರದ ಸರ ಇನ್ನೂ ಬ್ಯಾಂಕಿನಲ್ಲೇ ಇದೆ.

ಇಷ್ಟಾದ ಮೇಲೆ ಮಗಳೂ ನಾನೂ ಕೂತು ಲೆಕ್ಕ ಮಾಡಿದೆವು, ಅದನ್ನು ಎಲ್ಲ ಲಾರಿ ಮಾಲೀಕರೂ ಒಮ್ಮೆ ಮಾಡಬೇಕು. 5.9 ಲೀಟರಿನ ಎಂಜಿನ್ ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 1,500 ಸುತ್ತು ಅಂದರೆ 4,425 ಲೀಟರ್. ಗಂಟೆಗೆ ಎರಡೂವರೆ ಲಕ್ಷ ಲೀಟರಿನ ಮೇಲೆ. ಟರ್ಬೊ ಒತ್ತಿ ತುಂಬುವ ಗಾಳಿ ಇನ್ನೂ ಬೇರೆ. ಇದೆಲ್ಲ ಮುಂದಿನ ಲಾರಿಯ ಹಿಂದೆ ಏಳುವ ಕೆಂಪು ಮೋಡದೊಳಗಿನ ಗಾಳಿ.

ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್‌ಒ 5011 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಗೊತ್ತಿರುವ ತೂಕದ ಧೂಳನ್ನು ಗಾಳಿಯ ಜೊತೆ ಫಿಲ್ಟರಿಗೆ ಬಿಡುತ್ತಾರೆ. ಅದರ ಹಿಂದೆ ಏನನ್ನೂ ದಾಟಗೊಡದ ಇನ್ನೊಂದು ಫಿಲ್ಟರ್ ಇಟ್ಟು, ದಾಟಿ ಬಂದದ್ದನ್ನು ತೂಗುತ್ತಾರೆ. ಭಾರಿ ವಾಹನದ ಒಳ್ಳೆಯ ಪೇಪರ್ ಫಿಲ್ಟರ್ ಇದರಲ್ಲಿ ಶೇ 99.9ರ ಆಸುಪಾಸು ನಿಲ್ಲುತ್ತದೆ. ಎಣ್ಣೆ ಹಚ್ಚಿದ ಹತ್ತಿಗೆ ಸಾಮಾನ್ಯವಾಗಿ ಹೇಳುವುದು 96ರಿಂದ 99. ಅಂಗಡಿಯಲ್ಲಿ ಇದನ್ನು "ಮೂರು ಪರ್ಸೆಂಟು, ಅದೇನು ಮಹಾ" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಎಂಜಿನ್ ಸವೆಯುವುದು ಫಿಲ್ಟರಿನಲ್ಲಿ ನಿಂತ ಧೂಳಿನಿಂದಲ್ಲ, ದಾಟಿದ ಧೂಳಿನಿಂದ. 100 ಗ್ರಾಂ ಧೂಳು ಬಂದರೆ 99.9ರ ಫಿಲ್ಟರ್ ದಾಟುವುದು ಗ್ರಾಮಿನ ಹತ್ತನೇ ಒಂದು ಪಾಲು. 97ರ ಫಿಲ್ಟರ್ ದಾಟುವುದು 3 ಗ್ರಾಂ. ಮೂವತ್ತು ಪಟ್ಟು. ನೋಟ್‌ಬುಕ್ಕು ಹಿಡಿದು ಇಷ್ಟು ವರ್ಷ ಲೆಕ್ಕ ಬರೆದ ನಾನು ಈ ಒಂದು ಲೆಕ್ಕವನ್ನು ಕೊಳ್ಳುವ ಮೊದಲು ಮಾಡಬೇಕಿತ್ತು.

ಇನ್ನೊಂದು ಸಂಗತಿ ಇದೆ, ಅದನ್ನು ಹೇಳುವವರು ಕಡಿಮೆ. ಯಾವ ಫಿಲ್ಟರೇ ಆಗಲಿ ಹೊಸದಾಗಿ ಹಾಕಿದಾಗ ಅಥವಾ ಆಗ ತಾನೇ ತೊಳೆದಾಗ ಸ್ವಲ್ಪ ಹೆಚ್ಚೇ ಧೂಳು ಬಿಡುತ್ತದೆ. ಮೇಲೆ ಧೂಳಿನ ಪದರ ಕೂತ ಮೇಲೆ ಆ ಪದರವೇ ಸಣ್ಣ ಕಣಗಳನ್ನು ತಡೆಯುತ್ತದೆ. ಹತ್ತಿ ಫಿಲ್ಟರನ್ನು ನಮ್ಮ ರಸ್ತೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ ತೊಳೆಯುತ್ತಿದ್ದೆವು. ಪ್ರತಿ ಸಲ ತೊಳೆದಾಗಲೂ ಅದು ತನ್ನ ಅತಿ ದುರ್ಬಲ ಸ್ಥಿತಿಗೆ ವಾಪಸ್ಸು. ಶ್ರದ್ಧೆಯಿಂದ ತೊಳೆದಷ್ಟೂ ನಾವೇ ಬಾಗಿಲು ತೆರೆದ ಹಾಗೆ.

ತೊಳೆಯುವುದಾದರೂ ಹೇಗೆ? ಡಬ್ಬದ ಮೇಲೆ ಬರೆದದ್ದು ಹೀಗಿತ್ತು: ಅದಕ್ಕೇ ಇರುವ ದ್ರಾವಣ ಹಾಕಿ ನೆನೆಸಬೇಕು, ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಬೇಕು, ಗಾಳಿ ಹೊಡೆಯದೆ ತಾನಾಗಿ ಪೂರ್ತಿ ಒಣಗಲು ಬಿಡಬೇಕು, ಆಮೇಲೆ ಒಂದೊಂದು ಮಡಿಕೆಗೂ ಎಣ್ಣೆ ಹಚ್ಚಿ, ಎಳೆಎಳೆಗೂ ಹರಡುವ ತನಕ ಕಾದು, ಬಿಳಿ ಉಳಿದ ಕಡೆ ಮತ್ತೆ ಹಚ್ಚಬೇಕು. ಇದು ಮನೆಯಲ್ಲಿ ಬಿಡುವಾಗಿ ಕೂತು ಮಾಡುವ ಕೆಲಸ. ನಮ್ಮ ಕ್ಲೀನರ್ ಹುಡುಗ ಇದನ್ನು ಮಾಡಬೇಕಾಗಿದ್ದು ತೂಕದ ಸಾಲಿನಲ್ಲಿ ನಿಂತಾಗ, ಢಾಬಾದ ನಲ್ಲಿಯ ಕೆಳಗೆ, ಬಟ್ಟೆ ಸೋಪಿನ ಪುಡಿಯಲ್ಲಿ. ಪೂರ್ತಿ ಒಣಗುವ ತನಕ ಲಾರಿ ನಿಲ್ಲಿಸಿದರೆ ಟ್ರಿಪ್ಪು ಹೋಯಿತು. ಹಾಗಾಗಿ ಸೈಲೆನ್ಸರ್ ಹತ್ತಿರ ಇಟ್ಟು ಒಣಗಿಸಿ, ಅರೆ ಹಸಿಯಲ್ಲೇ ಎಣ್ಣೆ ಹಚ್ಚಿ ಹಾಕುತ್ತಿದ್ದ. ಹಸಿ ಇದ್ದ ಕಡೆ ಎಣ್ಣೆ ಹಿಡಿಯುವುದಿಲ್ಲ. ಜೊತೆಗೆ ಕೊಟ್ಟ ಕೆಂಪು ಎಣ್ಣೆ ಮೂರನೇ ಸಲಕ್ಕೆ ಮುಗಿಯಿತು, ಆಮೇಲೆ ಕ್ಯಾನಿನಲ್ಲಿದ್ದ ಎಂಜಿನ್ ಆಯಿಲನ್ನೇ ಹಚ್ಚಿದ. ಹುಡುಗನ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಹದಿನಾಲ್ಕು ಗಂಟೆ ಎಚ್ಚರವಿದ್ದ ಹುಡುಗನ ಕೈಯಲ್ಲಿ ಎರಡು ಲಕ್ಷದ ಎಂಜಿನ್ ಕೆಲಸ ಉಳಿಯಬೇಕು ಅಂತ ಇಟ್ಟವರು ನಾವು. ಒಂದು ವಸ್ತು ಪ್ರಯೋಗಶಾಲೆಯಲ್ಲಿ ಎಷ್ಟು ಪರ್ಸೆಂಟು ಹಿಡಿಯುತ್ತದೆ ಅನ್ನುವುದು ಒಂದು, ಅದನ್ನು ಬಳಸುವವರ ದಿನ ಹೇಗಿರುತ್ತದೆ ಅನ್ನುವುದು ಇನ್ನೊಂದು. ನಮ್ಮ ರಸ್ತೆಯಲ್ಲಿ ಎರಡನೆಯದೇ ದೊಡ್ಡದು.

ಒಂದು ಸಂಜೆ ಎರಡೂ ಫಿಲ್ಟರನ್ನು ಕತ್ತಲೆ ಕೋಣೆಗೆ ತಂದು ಒಳಗೆ ಮೊಬೈಲಿನ ಟಾರ್ಚ್ ಹಚ್ಚಿಟ್ಟೆ. ಪೇಪರ್ ಫಿಲ್ಟರ್ ಲಾಟೀನಿನ ಗಾಜಿನ ಹಾಗೆ ಮಂದವಾಗಿ ಹಳದಿಯಾಯಿತು, ಅಷ್ಟೇ. ಹತ್ತಿಯದರಲ್ಲಿ ಚುಕ್ಕಿ ಚುಕ್ಕಿ ಬೆಳಕು ಗೋಡೆಯ ಮೇಲೆ ಬಿತ್ತು. ಬೆಳಕು ದಾಟಿದ್ದೊಂದನ್ನೇ ನಂಬಬೇಡ ಅಮ್ಮಾ, ಎಣ್ಣೆ ಸರಿಯಾಗಿದ್ದರೆ ಕಣ ಎಳೆಗೆ ಅಂಟುತ್ತದೆ ಅಂತ ಮಗಳು ಹೇಳಿದಳು. ಒಪ್ಪುತ್ತೇನೆ. ಆದರೆ ರಿಂಗಿಗೂ ಲೈನರಿಗೂ ನಡುವಿನ ಆಯಿಲ್ ಪದರ ಕೆಲವೇ ಮೈಕ್ರಾನ್ ದಪ್ಪ, ನಮ್ಮ ತಲೆಗೂದಲು 70 ಮೈಕ್ರಾನಿನಷ್ಟು. ಆ ಪದರಕ್ಕಿಂತ ತುಸು ದಪ್ಪಗಿರುವ, ಕಣ್ಣಿಗೆ ಕಾಣದ ಕಣವೇ ಲೋಹವನ್ನು ತೇಯುವುದು. ನಮ್ಮ ಸಂಡೂರಿನ ಬೆಟ್ಟದಲ್ಲಿ ಅದಿರು ಒಂದೇ ಇರುವುದಿಲ್ಲ, ಪಟ್ಟೆ ಪಟ್ಟೆಯಾಗಿ ಬೆಣಚುಕಲ್ಲೂ ಸೇರಿರುತ್ತದೆ. ಬೆಣಚು ಚಾಕುವಿನ ಉಕ್ಕನ್ನೇ ಗೀರುತ್ತದೆ.

ಪೂರ್ತಿ ಸತ್ಯ ಹೇಳಬೇಕು, ಅದಕ್ಕೇ ಇದನ್ನೂ ಬರೆಯುತ್ತೇನೆ. ಪೇಪರ್ ಫಿಲ್ಟರಿನ ಒಳಗೆ ಎರಡನೇ ಚಿಕ್ಕ ಫಿಲ್ಟರ್ ಇರುತ್ತದೆ, ಹೊರಗಿನದು ಹರಿದರೆ ಎಂಜಿನನ್ನು ಕಾಯಲು. ಹತ್ತಿಯದು ಹಾಕುವಾಗ "ಇದರ ಅವಶ್ಯ ಇಲ್ಲ" ಅಂತ ಅದನ್ನು ತೆಗೆಸಿದ್ದರು. ಅದು ಇದ್ದಿದ್ದರೆ ನಮ್ಮ ನಷ್ಟ ಇಷ್ಟಾಗುತ್ತಿರಲಿಲ್ಲವೇನೋ. ಎರಡು ಲಾರಿ ಹೋಲಿಸಿ ಇಡೀ ಲೋಕಕ್ಕೆ ತೀರ್ಪು ಕೊಡಲಾಗದು ಅನ್ನುವುದೂ ನನಗೆ ಗೊತ್ತು. ಟಾರ್ ರಸ್ತೆಯಲ್ಲಿ ಓಡುವ ಕಾರಿನವರು, ಕೈಯಾರೆ ಕೂತು ಎಣ್ಣೆ ಹಚ್ಚುವ ಶೋಕಿ ಇರುವವರು, ಹತ್ತಿಯದನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಸುಖವಾಗಿರಬಹುದು. ಅವರ ಗಾಳಿಯಲ್ಲಿ ಧೂಳೇ ಕಡಿಮೆ. ಅರಬೈಲು ಘಟ್ಟದ ಮಳೆಯಲ್ಲಿ ಪೇಪರ್ ನೆನೆದು ಗಾಳಿ ಕಟ್ಟಿಸುವುದೂ ಉಂಟು, ಬೆಲೇಕೇರಿ ಬಂದರಿಗೆ ಲೋಡು ಹೋಗುತ್ತಿದ್ದ ಕಾಲದಲ್ಲಿ ಇವರು ಅದನ್ನು ಕಂಡಿದ್ದಾರೆ. ನನ್ನ ಮಾತು ಅದಿರು, ಜಲ್ಲಿ ಕ್ರಷರ್, ಸುಣ್ಣದ ಕಲ್ಲು, ಮಣ್ಣಿನ ರಸ್ತೆಯಲ್ಲಿ ದುಡಿಯುವ ಲಾರಿಗಳ ಬಗ್ಗೆ. ಅಲ್ಲಿ ಹತ್ತಿ ಫಿಲ್ಟರ್ ಸಾಲದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಕಡಿಮೆ ಮಾಡುವ ನಿಯಮದ) ಲಾರಿ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ಒಳಬರುವ ಗಾಳಿ ಅಳೆಯುವ ಸೆನ್ಸರ್ ಇರುವ ವಾಹನಗಳಲ್ಲಿ ಫಿಲ್ಟರಿಗೆ ಹೆಚ್ಚು ಹಚ್ಚಿದ ಎಣ್ಣೆ ಹಾರಿ ಅದರ ಮೇಲೆ ಕೂತರೆ ಅದು ತಪ್ಪು ಲೆಕ್ಕ ಹೇಳತೊಡಗುತ್ತದೆ. ರಿಂಗ್ ಸವೆದು ಎಂಜಿನ್ ಆಯಿಲ್ ಸುಡತೊಡಗಿದರೆ ಅದರ ಬೂದಿ ಸೈಲೆನ್ಸರಿನಲ್ಲಿರುವ ಮಸಿ ಫಿಲ್ಟರಿನಲ್ಲಿ ಸೇರಿಕೊಳ್ಳುತ್ತದೆ. ಮಸಿ ಸುಟ್ಟು ಹೋಗುತ್ತದೆ, ಬೂದಿ ಹೋಗುವುದಿಲ್ಲ.

ಪೇಪರ್ ಫಿಲ್ಟರ್ ದುಬಾರಿ ಅನ್ನಿಸಿದ್ದರಲ್ಲಿ ನಮ್ಮ ತಪ್ಪೂ ಇತ್ತು. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಪೈಪನ್ನು ಫಿಲ್ಟರಿನ ಮಡಿಕೆಗೇ ಒತ್ತಿ ಹೊಡೆಸುತ್ತಿದ್ದೆವು, ಪ್ರತಿ ಟ್ರಿಪ್ಪಿಗೂ. ಅಷ್ಟು ಒತ್ತಡಕ್ಕೆ ಕಾಗದ ಒಳಗೊಳಗೇ ಬಿರುಕು ಬಿಡುತ್ತದೆ. ಏರ್ ಕ್ಲೀನರಿನ ಮೇಲೆ ಒಂದು ಪುಟ್ಟ ಇಂಡಿಕೇಟರ್ ಇರುತ್ತದೆ, ಫಿಲ್ಟರ್ ಕಟ್ಟಿದಾಗ ಕೆಂಪು ಕಾಣಿಸಲು. ನಮ್ಮ ಎರಡೂ ಲಾರಿಯಲ್ಲಿ ಅದು ಒಡೆದು ಎಷ್ಟೋ ವರ್ಷವಾಗಿತ್ತು. ಈಗ ಹೊಸದು ಹಾಕಿಸಿದ್ದೇವೆ. ಕೆಂಪು ಬರುವ ತನಕ ಮುಚ್ಚಳ ಬಿಚ್ಚುವುದೇ ಇಲ್ಲ. ಏರ್ ಕ್ಲೀನರಿನ ತಳದ ರಬ್ಬರ್ ಬಾಯನ್ನು ಮಾತ್ರ ದಿನಾ ಸಂಜೆ ಹಿಂಡಿದರೆ ಮುಷ್ಟಿ ತುಂಬ ಕೆಂಪು ಮಣ್ಣು ಉದುರುತ್ತದೆ. ಅಷ್ಟು ಮಣ್ಣು ಫಿಲ್ಟರಿಗೇ ಹೋಗುವುದಿಲ್ಲ. ಆ ರಬ್ಬರ್ ಹರಿದಿದ್ದರೂ ಹಾಗೇ ಓಡಿಸುವ ಲಾರಿಗಳು ನಮ್ಮ ಕಡೆ ಬೇಕಾದಷ್ಟಿವೆ, ಅದರ ಬೆಲೆ ನೂರು ಚಿಲ್ಲರೆ. ಹೋಸ್ ಪೈಪಿನ ಕ್ಲಾಂಪು ಸಡಿಲವಿದ್ದರೆ ಯಾವ ಫಿಲ್ಟರ್ ಇದ್ದೂ ಪ್ರಯೋಜನವಿಲ್ಲ. ಹೀಗೆ ನೋಡಿಕೊಂಡ ಮೇಲೆ ಮೈದುನನ ಲಾರಿಗೆ ಕಳೆದ ವರ್ಷ ಹೊರಗಿನ ಫಿಲ್ಟರ್ ಎರಡೇ ಸಲ ಬೇಕಾಯಿತು. ಪೇಪರಿನ ಖರ್ಚು ಅರ್ಧಕ್ಕಿಳಿಸಲು ನಮಗೆ ಹತ್ತಿ ಬೇಕಿರಲಿಲ್ಲ.

ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾದೀತು. ಆದರೂ ಕೇಳುವುದು ಇಷ್ಟೇ. ಲಾರಿಗೆ ಅಂತ ಮಾರುವ ಪ್ರತಿ ಏರ್ ಫಿಲ್ಟರಿನ ಡಬ್ಬದ ಮೇಲೆ ಐಎಸ್‌ಒ 5011 ಪರೀಕ್ಷೆಯಲ್ಲಿ ಅದು ಎಷ್ಟು ಹಿಡಿಯಿತು, ಸಣ್ಣ ಧೂಳಿನಲ್ಲಿ ಎಷ್ಟು, ದಪ್ಪ ಧೂಳಿನಲ್ಲಿ ಎಷ್ಟು ಅಂತ ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ದಪ್ಪ ಧೂಳಿನ ಅಂಕಿ ಯಾವಾಗಲೂ ಚೆಂದ ಕಾಣುತ್ತದೆ, ಅದೊಂದನ್ನೇ ತೋರಿಸಿದರೆ ಒಪ್ಪಬಾರದು. "ಹೆಚ್ಚು ಗಾಳಿ", "ಜೀವಮಾನ ಪೂರ್ತಿ" ಅನ್ನುವ ಮಾತಿಗಿಂತ ಆ ಒಂದು ಅಂಕಿ ನಮ್ಮಂಥವರಿಗೆ ಬೇಕು. ಲಾರಿ ಮಾಲೀಕರ ಸಂಘಗಳು ಟೋಲು, ಡೀಸೆಲ್ ದರದ ಬಗ್ಗೆ ಮನವಿ ಕೊಡುವಾಗ ಇದನ್ನೂ ಒಂದು ಸಾಲಾಗಿ ಸೇರಿಸಲಿ.

ಗಣಿ ರಸ್ತೆಗೆ ನೀರು ಹೊಡೆಯುವ ಟ್ಯಾಂಕರುಗಳು ಬೆಳಗ್ಗೆ ಒಮ್ಮೆ ಬಂದು ಹೋದರೆ ಹನ್ನೊಂದು ಗಂಟೆಗೆಲ್ಲ ರಸ್ತೆ ಒಣಗಿರುತ್ತದೆ. ಮಧ್ಯಾಹ್ನವೂ ಬರಲಿ, ಲೋಡಿನ ಮೇಲೆ ತಾಡಪಾಲು ಬಿಗಿಯಾಗಿ ಕಟ್ಟಿದ್ದಾರೋ ಇಲ್ಲವೋ ಗೇಟಿನಲ್ಲೇ ನೋಡಲಿ. ಎಂಜಿನ್ ಸವೆದರೆ ಲೈನರ್ ಬದಲಾಯಿಸಬಹುದು. ನಮ್ಮ ಮನೆ ಇರುವುದೂ ರಸ್ತೆ ಪಕ್ಕದಲ್ಲೇ, ನನ್ನ ಅತ್ತೆಯವರು ರಾತ್ರಿಯೆಲ್ಲ ಕೆಮ್ಮುತ್ತಾರೆ.

ಎರಡೂ ಲಾರಿಯಲ್ಲಿ ಈಗ ಪೇಪರ್ ಫಿಲ್ಟರ್, ಒಳಗಿನ ಚಿಕ್ಕದರ ಸಮೇತ. ಎಂಜಿನ್ ಕಟ್ಟಿಸಿದ ಮೇಲೆ ಇವರ ಲಾರಿ 31,000 ಕಿಲೋಮೀಟರ್ ಓಡಿದೆ, ಟಾಪ್ ಅಪ್ ಕಾಲಮಿನಲ್ಲಿ ಹೋದ ತಿಂಗಳು ಬರೆದದ್ದು ಮುಕ್ಕಾಲು ಲೀಟರ್. ಆ ಬಿಳಿ ಬಟ್ಟೆ ತುಂಡನ್ನು ಹಳೇ ಫಿಲ್ಟರಿನ ಒಳಗೇ ಸುತ್ತಿಟ್ಟಿದ್ದೇನೆ. ತೋರಣಗಲ್ಲಿನಿಂದ, ಹೊಸಪೇಟೆಯಿಂದ ಇವರ ಪರಿಚಯದ ಮೂವರು ಮಾಲೀಕರು ಬಂದು ನೋಡಿ ಹೋಗಿದ್ದಾರೆ. ಅವರಲ್ಲಿ ಒಬ್ಬರ ಲಾರಿಯಲ್ಲಿ ಹತ್ತಿಯದೇ ಇತ್ತು, ಇಲ್ಲೇ ನಮ್ಮ ಅಂಗಳದಲ್ಲಿ ಪೈಪು ಬಿಚ್ಚಿ ಬೆರಳು ಹಾಕಿ ನೋಡಿದರು.

ಇಂತಿ,
ಲಾರಿ ಮಾಲೀಕರ ಮನೆಯ ಗೃಹಿಣಿ
ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ